ಹುಣಸೆ ಬೀಜದ ರೊಕ್ಕ, ಪೇಪರ್ ಕವರಿನ ವ್ಯಾಪಾರ: ನ್ಯಾಯದ ಬೆಲೆಯ ಪಾಠ ಕುರಿತು ಓದುಗರ ಪ್ರಶ್ನೆಗಳು

ಫೇರ್ ಟ್ರೇಡ್, ಅಂದರೆ ಬೆಳೆದವರಿಗೂ ಮಾಡಿದವರಿಗೂ ನ್ಯಾಯವಾದ ಬೆಲೆ ಮುಟ್ಟುವ ವ್ಯಾಪಾರ. ಇದನ್ನು ಭಾಷಣವಿಲ್ಲದೆ ಮಕ್ಕಳಿಗೆ ಕಲಿಸುವುದು ಹೇಗೆಂದು ಕೇಳಿ ಶಿಕ್ಷಕರೂ ಪೋಷಕರೂ ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ. ಸಂಭ್ರಮ ಶನಿವಾರದಂದು (ಬ್ಯಾಗ್ ಇಲ್ಲದ ದಿನ) ಎರಡು ಪೀರಿಯಡ್ ಸಿಗುತ್ತದೆ. ಖರ್ಚಿಲ್ಲದೆ ಮಾಡಬಹುದಾದ ಚಟುವಟಿಕೆ ಯಾವುದು?
(ಸಮಾಜ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ)

ಉತ್ತರ: ಹಳೆಯ ಪತ್ರಿಕೆಯಿಂದ ಕವರ್ ಮಾಡಿ ಮಾರುವ ಆಟ. ಬೇಕಾಗುವುದು ಇಷ್ಟು: ಸುಮಾರು 600 ಬಿಡಿ ಪುಟಗಳು (ಅಗಲ ಹಾಳೆಯನ್ನು ನಡುವೆ ಸೀಳಿದರೆ ಎರಡು ಪುಟ), ಎಂಟು ಸ್ಕೇಲು, ಎಂಟು ಬಟ್ಟಲು ಅಂಟು, ಅರ್ಧ ಕಿಲೊ ಹುಣಸೆ ಬೀಜ. ಬೀಜವೇ ರೊಕ್ಕ. ಕಾಗದದ ನೋಟು ಬರೆದು ಕತ್ತರಿಸುತ್ತ ಕೂರಬೇಡಿ. ಮಕ್ಕಳು ಅದನ್ನು ನಕಲು ಮಾಡುತ್ತಾರೆ, ಆಟ ಅಲ್ಲಿಗೇ ಕೆಡುತ್ತದೆ.

ಅಂಟಿಗೆ 100 ಗ್ರಾಂ ಮೈದಾವನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುತ್ತ ಬಂದಾಗ ಇಳಿಸಿ. ಬಿಸಿ ನೀರಿಗೇ ಮೈದಾ ಸುರಿದರೆ ಉಂಡೆಗಟ್ಟುತ್ತದೆ. ಹುಳ ಬೀಳದಿರಲೆಂದು ಕೆಲವರು ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳ ಕೈಗೆ ಕೊಡುವ ಅಂಟಿಗೆ ಬೇಡವೇ ಬೇಡ. ಹಿಂದಿನ ದಿನ ಮಾಡಿಟ್ಟ ಅಂಟು ಹುಳಿ ವಾಸನೆ ಬರುತ್ತದೆ, ಅವತ್ತು ಬೆಳಿಗ್ಗೆಯೇ ಕಾಯಿಸಿ.

ಕವರ್ ಮಾಡುವ ಬಗೆಯನ್ನು ಶುಕ್ರವಾರವೇ ತೋರಿಸಿಬಿಡಿ. ಪುಟವನ್ನು ಅಡ್ಡವಾಗಿ ಹಾಸಿ, ಎಡ–ಬಲ ಅಂಚುಗಳನ್ನು ನಡುವಿಗೆ ತಂದು 2 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ. ಸುಮಾರು 26 ಸೆಂ.ಮೀ. ಅಗಲದ ಕೊಳವೆಯಾಗುತ್ತದೆ. ಕೆಳಗಿನ 8 ಸೆಂ.ಮೀ. ಭಾಗವನ್ನು ಮೇಲಕ್ಕೆ ಮಡಚಿ, ಆ ಮಡಿಕೆಯ ಬಾಯಿ ಬಿಡಿಸಿ ಚಪ್ಪಟೆ ಮಾಡಿ, ಮೇಲಿನ ಮತ್ತು ಕೆಳಗಿನ ರೆಕ್ಕೆಗಳು ನಡುವೆ 2 ಸೆಂ.ಮೀ. ಕೂಡುವಂತೆ ಮಡಚಿ ಅಂಟಿಸಿದರೆ 7 ಸೆಂ.ಮೀ. ಅಗಲದ ತಳ ಸಿಗುತ್ತದೆ.

ಐವರಂತೆ ಎಂಟು ಗುಂಪು ಮಾಡಿ. ಒಂದೊಂದು ಗುಂಪೂ ಒಂದೊಂದು ಮನೆ. ಪ್ರತಿ ಮನೆಗೂ ಮೊದಲಿಗೆ 4 ಬೀಜ. 5 ಪುಟಕ್ಕೆ 1 ಬೀಜ ಬೆಲೆ, ಪುಟಗಳನ್ನು ಸಾಲವಾಗಿಯೂ ಕೊಡಬಹುದು. ಸುತ್ತು ಮುಗಿದಾಗ ಮನೆ ಖರ್ಚೆಂದು 8 ಬೀಜ ಕಟ್ಟಬೇಕು: ಅಕ್ಕಿ–ಬೇಳೆಗೆ 4, ಬಾಡಿಗೆಗೆ 2, ಔಷಧಿ ಮತ್ತು ಶಾಲೆಗೆ 2. ಕಟ್ಟಲಾಗದವರು ಸಾಲ ತೆಗೆಯಬೇಕು, 5 ತೆಗೆದರೆ ಮುಂದಿನ ಸುತ್ತಿಗೆ 6 ವಾಪಸು. ಸುತ್ತಿಗೆ 10 ನಿಮಿಷ, ಲೆಕ್ಕಕ್ಕೆ 5 ನಿಮಿಷ. ನಾಲ್ಕು ಸುತ್ತು.

ಮೊದಲ ಸುತ್ತಿನಲ್ಲಿ ಕವರಿಗೆ 1 ಬೀಜ. ಕೈ ಪಳಗದ ಕಾರಣ ಗುಂಪಿಗೆ 10–12 ಕವರ್ ಪಾಸಾದರೆ ಹೆಚ್ಚು. 15 ಪುಟಕ್ಕೆ 3 ಬೀಜ, ಮನೆಗೆ 8 ಕಳೆದರೆ, ಮೊದಲೇ ಕೊಟ್ಟ 4 ಬೀಜ ಬಿಟ್ಟು, ಆ ಸುತ್ತಿನ ದುಡಿಮೆಯಲ್ಲಿ ಉಳಿಯುವುದು ಸೊನ್ನೆಯ ಆಚೀಚೆ.

ಎರಡನೇ ಸುತ್ತಿಗೆ ಕೈ ಚುರುಕಾಗಿ 14 ಆಗುತ್ತದೆ. ಆಗ ಕೊಳ್ಳುವವರು, ಅಂದರೆ ನೀವು, "ಮಾಲು ಜಾಸ್ತಿ ಬಂದಿದೆ, ಇನ್ನು ಎರಡು ಕವರಿಗೆ ಒಂದು ಬೀಜ" ಎನ್ನಬೇಕು. ಹೆಚ್ಚು ದುಡಿದಿದ್ದಕ್ಕೆ 7 ಬೀಜ, ಖರ್ಚು ಅದೇ 11. ತರಗತಿ ಗದ್ದಲವೇಳುವುದು ಇಲ್ಲಿ. ಸಮಾಧಾನ ಹೇಳಲು ಹೋಗಬೇಡಿ, ಲೆಕ್ಕ ಬರೆಸಿ.

ಮೂರನೇ ಸುತ್ತಿನಲ್ಲಿ ಮಾರುಕಟ್ಟೆ ಬೆಲೆ ಏರುವುದಿಲ್ಲ. ಆದರೆ ಹೊಸ ಖರೀದಿದಾರರೊಬ್ಬರು ಬರುತ್ತಾರೆ. ಅವರ ಕರಾರು: ಕನಿಷ್ಠ ಬೆಲೆ ಕವರಿಗೆ 1 ಬೀಜ, ಅದಕ್ಕಿಂತ ಇಳಿಯುವುದಿಲ್ಲ, ಕೊಂಡ ಪ್ರತಿ 5 ಕವರಿಗೆ 1 ಬೀಜ ಹೆಚ್ಚುವರಿಯಾಗಿ ಎಲ್ಲ ಮನೆಗಳ ಒಂದು ಡಬ್ಬಕ್ಕೆ, ಕೇಳಿದರೆ ಮುಂಗಡ. ಇಲ್ಲಿ ಶಿಕ್ಷಕರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಎಲ್ಲ ಮಾಲನ್ನೂ ಆ ಬೆಲೆಗೆ ಕೊಂಡುಬಿಟ್ಟರೆ ಕಥೆ ಸುಖಾಂತವಾಗುತ್ತದೆ, ಪಾಠ ಸುಳ್ಳಾಗುತ್ತದೆ. ಫೇರ್ ಟ್ರೇಡ್ ಪ್ರಮಾಣಪತ್ರ ಪಡೆದ ಬೆಳೆಗಾರರ ಸಂಘಗಳೂ ತಮ್ಮ ಮಾಲಿನಲ್ಲಿ ಒಂದು ಪಾಲನ್ನಷ್ಟೇ ಆ ಕರಾರಿನಲ್ಲಿ ಮಾರಲು ಸಾಧ್ಯವಾಗುವುದು ಸಾಮಾನ್ಯ. ಹಾಗಾಗಿ ಅರ್ಧವನ್ನು ಮಾತ್ರ ಕೊಳ್ಳಿ. 14ರಲ್ಲಿ 7ಕ್ಕೆ 7 ಬೀಜ, ಉಳಿದ 7ಕ್ಕೆ ಪೇಟೆ ಬೆಲೆಯಲ್ಲಿ 3. ಒಟ್ಟು 10, ಖರ್ಚು 11. ಮುಳುಗುವುದು ತಪ್ಪಿತು, ಸಿರಿ ಬರಲಿಲ್ಲ. ಮನೆಗೊಂದರಂತೆ ಡಬ್ಬದಲ್ಲಿ ಎಂಟು ಬೀಜ ಕೂಡಿತು. ಅದನ್ನು ಏನು ಮಾಡಬೇಕೆಂದು ಎಂಟೂ ಮನೆಯವರು ಕೈಯೆತ್ತಿ ತೀರ್ಮಾನಿಸಲಿ: ಹಂಚಿಕೊಳ್ಳುವುದೋ, ಎಲ್ಲರಿಗೂ ಕತ್ತರಿ ಕೊಳ್ಳುವುದೋ, ಸಾಲದಲ್ಲಿರುವ ಮನೆಗೆ ಕೊಡುವುದೋ. ನೀವು ಬಾಯಿ ಹಾಕಬೇಡಿ.

ನಾಲ್ಕನೇ ಸುತ್ತಿನಲ್ಲಿ ಪೇಟೆ ಬೆಲೆ ಕವರಿಗೆ 2 ಬೀಜಕ್ಕೆ ಜಿಗಿಯುತ್ತದೆ. ಕರಾರಿನ ಖರೀದಿದಾರರೂ 2 ಕೊಡಲೇಬೇಕು, ಏಕೆಂದರೆ ನಿಯಮ ಇರುವುದೇ ಹಾಗೆ: ಕನಿಷ್ಠ ಬೆಲೆ, ಪೇಟೆ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದು. ಆದರೆ ಅವರು ಸುತ್ತು ಮುಗಿದ ಮೇಲೆ ಪಾವತಿಸುತ್ತಾರೆ. ಅಷ್ಟರಲ್ಲಿ ಒಬ್ಬ ಚುರುಕು ಹುಡುಗನನ್ನೋ ಹುಡುಗಿಯನ್ನೋ ಹೊರಗಿನ ವ್ಯಾಪಾರಿ ಮಾಡಿ, ಎರಡು ಕವರಿಗೆ 5 ಬೀಜ ಕೈಮೇಲೆ ಕೊಡುವಂತೆ ಗುಟ್ಟಾಗಿ ಹೇಳಿಡಿ. ಕೆಲವು ಮನೆಗಳು ಕರಾರು ಮುರಿದು ಅತ್ತ ಮಾರುತ್ತವೆ. ಸಹಕಾರ ಸಂಘಗಳನ್ನು ನಡೆಸಿದವರಿಗೆ ಈ ತಲೆನೋವು ಚೆನ್ನಾಗಿ ಗೊತ್ತು. ಹಾಗೆ ಮಾರಿದವರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸಬೇಡಿ. ಸಾಲದಲ್ಲಿದ್ದ ಮನೆಯೇ ಮೊದಲು ಅತ್ತ ಹೋಯಿತೇ ಎಂದು ಖಾತೆ ಪುಸ್ತಕ ತೆಗೆದು ನೋಡಲು ಹೇಳಿ.

ಕೆಡುವುದು ಎಲ್ಲಿ? ಕವರಿನಲ್ಲಿ ತೂಕ ಹಾಕಿ ಪರೀಕ್ಷಿಸಲು ಹೋದರೆ ಎಲ್ಲವೂ ಹರಿಯುತ್ತವೆ. ಮೈದಾ ಅಂಟು ಹತ್ತು ನಿಮಿಷದಲ್ಲಿ ಕಚ್ಚುವುದಿಲ್ಲ. ಅದಕ್ಕೇ ಸ್ಕೇಲು ಹಿಡಿದು ಅಗಲ 25ರಿಂದ 27 ಸೆಂ.ಮೀ. ಇದೆಯೇ, ತಳ ಮುಚ್ಚಿದೆಯೇ ಎಂದಷ್ಟೇ ನೋಡಿ. ಅಂಟು ದಪ್ಪ ಬಳಿದರೆ ಪತ್ರಿಕೆ ಮೆತ್ತಗಾಗಿ ಕಿತ್ತುಬರುತ್ತದೆ, ಬೆರಳ ತುದಿಯಲ್ಲಿ ತೆಳ್ಳಗೆ ಸವರಲು ಹೇಳಿ. ಇನ್ನೊಂದು: ಮಕ್ಕಳು ಆ ಕವರುಗಳನ್ನು ಅಂಗಡಿಗೆ ಕೊಡುತ್ತೇವೆ ಎನ್ನುತ್ತಾರೆ. ಮುದ್ರಣದ ಶಾಯಿಯ ಕಾರಣಕ್ಕೆ ತಿನಿಸನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಮೊಳೆ–ಬೋಲ್ಟ್ ಅಂಗಡಿಗಾದರೆ ಅಡ್ಡಿಯಿಲ್ಲ.

ಪ್ರಶ್ನೆ: ನಾವು ತರಕಾರಿ ಮಂಡಿ ನಡೆಸುವವರು. ಮಗಳ ಶಾಲೆಯಲ್ಲಿ ಇಂಥದೊಂದು ಆಟ ಆಡಿಸಿದ ಮೇಲೆ ಅವಳು "ಅಪ್ಪ, ದಲ್ಲಾಳಿ ಅಂದ್ರೆ ಮೋಸಗಾರ ಅಂತೆ" ಎಂದಳು. ಇದೇನಾ ನೀವು ಕಲಿಸುವ ನ್ಯಾಯ?
(ಓದುಗರು, ಕೋಲಾರ)

ಉತ್ತರ: ನಿಮ್ಮ ಆಕ್ಷೇಪ ಸರಿ. ರೈತನಿಗೆ ಹತ್ತು, ಗಿರಾಕಿಗೆ ನಲವತ್ತು, ನಡುವಿನ ಮೂವತ್ತು ಯಾರೋ ನುಂಗಿದರು ಎಂಬ ಚಿತ್ರ ಬಿಡಿಸಿದರೆ ಅದು ಪಾಠವಲ್ಲ, ಚಾಡಿ. ವ್ಯಾಪಾರಿಯ ಪಾತ್ರಕ್ಕೂ ಖರ್ಚಿನ ಚೀಟಿ ಕೊಡಬೇಕು.

ಕೋಲಾರದ ಟೊಮೆಟೊ ಬಾಕ್ಸನ್ನೇ ತೆಗೆದುಕೊಳ್ಳೋಣ. ಬಾಕ್ಸ್ ಅಂದರೆ 15 ಕಿಲೊ. ಆಟದ ಲೆಕ್ಕಕ್ಕೆ ಹರಾಜಿನಲ್ಲಿ 300 ರೂಪಾಯಿಗೆ ಹೋಯಿತು ಎನ್ನಿ, ಕಿಲೊಗೆ 20. ಸಾಗಣೆ 30, ಹಮಾಲಿ 10. ತಳ್ಳುಗಾಡಿಯಲ್ಲಿ ಮಾರುವವರ ಕೈ ಸೇರುವಷ್ಟರಲ್ಲಿ 2 ಕಿಲೊ ಒಡೆದು ಕೊಳೆತಿದೆ. ಉಳಿದ 13 ಕಿಲೊವನ್ನು 35ರಂತೆ ಮಾರಿದರೆ 455. ಅಸಲು 340 ಕಳೆದರೆ 115. ಅವತ್ತು ಎರಡೇ ಬಾಕ್ಸ್ ಖಾಲಿಯಾದರೆ ಗಾಡಿಯವರ ಕೂಲಿ 230. ಈ ಲೆಕ್ಕವನ್ನು ಮಕ್ಕಳೇ ಹಾಕಲಿ. ನಂತರ ಕೊಳೆತದ್ದು 2ರ ಬದಲು 5 ಕಿಲೊ ಆದರೆ ಏನಾಗುತ್ತದೆಂದು ಕೇಳಿ: 350 ಬರುತ್ತದೆ, ಉಳಿಯುವುದು 10. ನಡುವೆ ನಿಂತವರಿಗೂ ಹೊರುವ ಹೊರೆಯಿದೆ ಎನ್ನುವುದು ಆಗ ತಾನಾಗಿ ಕಾಣುತ್ತದೆ.

ಹಾಗೆಂದು ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ಬೆಲೆ ಯಾರ ಮುಂದೆ ನಿಗದಿಯಾಯಿತು, ತೂಕ ಯಾರು ನೋಡಿದರು, ಪಕ್ಕಾ ಬಿಲ್ ಕೊಟ್ಟರೋ ಬಿಳಿ ಚೀಟಿಯೋ? ನಮ್ಮ ರಾಜ್ಯದ ಎಪಿಎಂಸಿ ಪ್ರಾಂಗಣದಲ್ಲಿ ಕಮಿಷನ್ ಪಡೆಯಬೇಕಾದ್ದು ಕೊಂಡವರಿಂದ, ರೈತರ ಪಟ್ಟಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಒಂದೇ ವ್ಯವಹಾರಕ್ಕೆ ಎರಡು ಚೀಟಿ ಬರೆದು ಮಕ್ಕಳಿಗೆ ಕೊಡಿ. ಒಂದರಲ್ಲಿ ತೂಕ, ದರ, ಕಡಿತ ಬೇರೆ ಬೇರೆ ಬರೆದಿರಲಿ. ಇನ್ನೊಂದರಲ್ಲಿ ಕೊನೆಯ ಮೊತ್ತ ಮಾತ್ರ. ಯಾವುದರಲ್ಲಿ ತಪ್ಪು ಹಿಡಿಯಲು ಸಾಧ್ಯ ಎಂದು ಅವರೇ ಹೇಳಲಿ. ನೇರವಾಗಿ ನಡೆಯುವ ಮಂಡಿಯಿದ್ದರೆ ನೀವೇ ಶಾಲೆಗೆ ಹೋಗಿ ಪಟ್ಟಿ ಬರೆಯುವುದನ್ನು ತೋರಿಸಬಹುದು. ಅದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಮಕ್ಕಳ ಸಂತೆ ಮಾಡುತ್ತೇವೆ. ಮಕ್ಕಳು ಖುಷಿಪಡುತ್ತಾರೆ, ಲಾಭ ಎಣಿಸುತ್ತಾರೆ, ಮುಗಿಯಿತು. ಇದಕ್ಕೆ ಏನಾದರೂ ಸೇರಿಸಬಹುದೇ?
(ಮುಖ್ಯ ಶಿಕ್ಷಕರು, ಹಾಸನ ಜಿಲ್ಲೆ)

ಉತ್ತರ: ಮಕ್ಕಳು ಎಣಿಸುವ ಲಾಭ ಲಾಭವೇ ಅಲ್ಲ ಎನ್ನುವಲ್ಲಿಂದ ಶುರು ಮಾಡಿ. ಅಮ್ಮ ಹಿತ್ತಲಿನಿಂದ ಕಿತ್ತುಕೊಟ್ಟ ಸೊಪ್ಪಿಗೆ ಮಕ್ಕಳು ಬೆಲೆ ಕಟ್ಟುವುದಿಲ್ಲ. 5 ರೂಪಾಯಿಗೆ ಮಾರಿ ಬಂದದ್ದೆಲ್ಲ ಲಾಭ ಎನ್ನುತ್ತಾರೆ.

ಸಂತೆಗೆ ಒಂದು ತಿಂಗಳು ಮೊದಲೇ ಖರ್ಚಿನ ಚೀಟಿ ಕೊಡಿ. ಉದಾಹರಣೆಗೆ 30 ಕಟ್ಟು ಹರಿವೆ ಸೊಪ್ಪು: ಬೀಜ 20 ರೂ., ಗೊಬ್ಬರ 30 ರೂ. ಇಪ್ಪತ್ತನಾಲ್ಕು ದಿನ ದಿನಕ್ಕೆ ಕಾಲು ಗಂಟೆ ನೀರು ಹಾಕಿ ಕಳೆ ತೆಗೆದರೆ 6 ಗಂಟೆ, ಕಿತ್ತು ಕಟ್ಟು ಕಟ್ಟಲು 2 ಗಂಟೆ, ಒಟ್ಟು 8 ಗಂಟೆ. ಒಂದು ದಿನದ ಕೂಲಿಯಾಯಿತು. ಕರ್ನಾಟಕದಲ್ಲಿ 2025–26ರ ನರೇಗಾ ಕೂಲಿ ದಿನಕ್ಕೆ 370 ರೂ. ಇತ್ತು. ಎಲ್ಲ ಕೂಡಿದರೆ 420, ಕಟ್ಟಿಗೆ 14 ರೂಪಾಯಿ. ಪೇಟೆಯಲ್ಲಿ ಅದೇ ಕಟ್ಟು 10ಕ್ಕೆ ಸಿಕ್ಕರೆ ಮಗುವಿಗೆ ಎರಡು ಅನುಮಾನ ಬರಬೇಕು: ಪೇಟೆಯ ರೈತರು ನಷ್ಟದಲ್ಲಿದ್ದಾರೆಯೇ, ಇಲ್ಲವೇ ನನ್ನ ಪಾತಿ ತೀರಾ ಚಿಕ್ಕದೇ? ಎರಡಕ್ಕೂ ಹೌದೆನ್ನಬಹುದು. ಪಾತಿ ಮೂರು ಪಟ್ಟಾದರೆ ನೀರು ಹಾಕುವ ಹೊತ್ತು ಮೂರು ಪಟ್ಟಾಗುವುದಿಲ್ಲ. ಮನೆಯವರ ದುಡಿಮೆಗೆ ಕೂಲಿ ಹಾಕದೆ ಮಾರುವವರ ಪೈಪೋಟಿಯಲ್ಲಿ ಕೂಲಿ ಕೊಟ್ಟು ಬೆಳೆಯುವವರು ಸೋಲುತ್ತಾರೆ ಎನ್ನುವುದೂ ನಿಜ.

ಸಂತೆಯ ದಿನ ಅರ್ಧ ಮಕ್ಕಳು ಸೊಪ್ಪು, ಹೂವು ಮಾರಲಿ. ಅರ್ಧ ಮಕ್ಕಳು ಹುರುಳಿ, ರಾಗಿ. ಪ್ರತಿ ಅರ್ಧ ಗಂಟೆಗೊಮ್ಮೆ ಬೆಲೆಯನ್ನು ಕಪ್ಪು ಹಲಗೆಗೆ ಏರಿಸಿ. ಗಂಟೆ ಹೊಡೆಯುವ ಹೊತ್ತಿಗೆ ಸೊಪ್ಪಿನ ಬೆಲೆ ನೆಲ ಕಚ್ಚಿರುತ್ತದೆ, ಹುರುಳಿಯದು ಅಲ್ಲೇ ಇರುತ್ತದೆ. ಬಾಡುವ ಮಾಲಿನವರಿಗೆ ಚೌಕಾಸಿಯ ಬಲವಿಲ್ಲ ಎನ್ನುವುದನ್ನು ಬಾಯಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಮಕ್ಕಳೆಲ್ಲ ಕಾಫಿ ತೋಟದ ಮನೆಗಳಿಂದ, ಲೈನ್ ಮನೆಗಳಿಂದ (ತೋಟದ ಕೂಲಿಯವರ ಸಾಲು ಮನೆಗಳು) ಬರುವವರು. ಕನಿಷ್ಠ ಬೆಲೆ ಎಂದರೆ "ಈಗಿನ ರೇಟೇ ಅದಕ್ಕಿಂತ ಜಾಸ್ತಿ ಸರ್" ಎನ್ನುತ್ತಾರೆ. ಏನು ಹೇಳಲಿ?
(ಪ್ರೌಢಶಾಲಾ ಶಿಕ್ಷಕರು, ಮೂಡಿಗೆರೆ ತಾಲ್ಲೂಕು)

ಉತ್ತರ: ಅವರು ಹೇಳುವುದು ನಿಜ. ನಿಜವನ್ನು ಒಪ್ಪಿಕೊಂಡು ಗೋಡೆಗೆ ಒಂದು ನಕ್ಷೆ ಬಿಡಿಸಿ. ಪೌಂಡ್ ಕಾಫಿಗೆ (454 ಗ್ರಾಂ) ಒಂದು ಡಾಲರ್ ಎಂದರೆ 20 ಸೆಂ.ಮೀ. ಎತ್ತರ. ನ್ಯೂಯಾರ್ಕ್ ಪೇಟೆಯ ಅರೇಬಿಕಾ ದರದ ಐದು ಮೊಳೆ ಸಾಕು: 1997ರಲ್ಲಿ 3 ಡಾಲರಿನ ಸುತ್ತ, 2001ರ ಕೊನೆಗೆ 45 ಸೆಂಟಿನ ಸುತ್ತ, 2011ರಲ್ಲಿ ಮತ್ತೆ 3 ಡಾಲರ್, 2019ರಲ್ಲಿ 90 ಸೆಂಟಿನ ಸುತ್ತ, 2025ರ ಆರಂಭದಲ್ಲಿ 4 ಡಾಲರಿನ ಮೇಲೆ. ಮೊಳೆಗಳಿಗೆ ಕಪ್ಪು ದಾರ ಸುತ್ತಿ. ಆಮೇಲೆ ಕೆಂಪು ದಾರ: ಫೇರ್‌ಟ್ರೇಡ್ ಕನಿಷ್ಠ ಬೆಲೆ. 2001ರಲ್ಲಿ 1.21 ಡಾಲರ್, 2011ರಿಂದ 1.40, 2023ರ ಆಗಸ್ಟ್‌ನಿಂದ 1.80. ಕೆಂಪು ದಾರ ಕಪ್ಪಿನ ಮೇಲೆ ಬರುವುದು ಎರಡೇ ಮೊಳೆಯಲ್ಲಿ. ಕೊಡೆ ಬೇಕಾಗುವುದೂ ಮಳೆ ಬಂದಾಗಲೇ.

ಆ 2001ರ ಮೊಳೆಯ ಬಳಿ ನಿಂತು ಲೆಕ್ಕ ಹಾಕಿಸಿ. 45 ಸೆಂಟನ್ನು 2.2ರಿಂದ ಗುಣಿಸಿದರೆ ಕಿಲೊಗೆ 99 ಸೆಂಟ್, ಆಗಿನ ಡಾಲರಿಗೆ 47 ರೂ. ಹಿಡಿದರೆ ಸುಮಾರು 47 ರೂಪಾಯಿ. ಕನಿಷ್ಠ ಬೆಲೆಯಲ್ಲಾದರೆ ಸುಮಾರು 125. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದದ್ದು, ವಿಯೆಟ್ನಾಮಿನ ರೊಬಸ್ಟಾ ಪೇಟೆಗೆ ನುಗ್ಗಿದ್ದು ಆ ಕುಸಿತದ ಹಿಂದಿತ್ತು. ನಮ್ಮಲ್ಲೂ 1990ರ ದಶಕದ ನಡುವಿನವರೆಗೆ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಕೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಮಾಲು ಒಪ್ಪಿಸುವ ಪದ್ಧತಿಯಿತ್ತು. ಮಕ್ಕಳು ಅಜ್ಜಂದಿರನ್ನು ಕೇಳಿ ಬರಲಿ: ಪೂಲ್ ಇದ್ದಾಗ ಹಣ ಯಾವಾಗ ಕೈಗೆ ಬರುತ್ತಿತ್ತು, ಬೆಲೆ ಬಿದ್ದ ವರ್ಷ ತೋಟದಲ್ಲಿ ಯಾವ ಕೆಲಸ ನಿಲ್ಲಿಸಿದಿರಿ? ಹಳೆ ಪಟ್ಟಿಗಳು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಎರಡು ಸೂಕ್ಷ್ಮಗಳನ್ನು ಬಿಡಬೇಡಿ. ಆ 1.80 ಡಾಲರ್ ಎನ್ನುವುದು ಬಂದರಿನಲ್ಲಿ ಹಡಗೇರಿಸುವಾಗಿನ ಬೆಲೆ. ಅದು ಸಂಘಕ್ಕೆ ಬರುತ್ತದೆ. ಸಂಸ್ಕರಣೆ, ಸಾಗಣೆ, ಸಂಘದ ಖರ್ಚು ಕಳೆದು ಉಳಿದದ್ದು ಬೆಳೆಗಾರರಿಗೆ. ಪೌಂಡಿಗೆ 20 ಸೆಂಟಿನ ಪ್ರೀಮಿಯಂ, ಅಂದರೆ ಸಂಘಕ್ಕೆ ಬರುವ ಹೆಚ್ಚುವರಿ ಹಣ, ಬೇರೆ. ಅದರಲ್ಲಿ ಕನಿಷ್ಠ 5 ಸೆಂಟ್ ಇಳುವರಿ ಮತ್ತು ಗುಣಮಟ್ಟಕ್ಕೆ ಹೋಗಬೇಕು, ಉಳಿದದ್ದನ್ನು ಸದಸ್ಯರ ಸಭೆ ತೀರ್ಮಾನಿಸುತ್ತದೆ. ಎರಡನೆಯದು ನಿಮ್ಮ ಲೈನ್ ಮನೆಯ ಮಕ್ಕಳಿಗೆ ಸಂಬಂಧಿಸಿದ್ದು. ಕಾಫಿಯಲ್ಲಿ ಫೇರ್‌ಟ್ರೇಡ್ ಪ್ರಮಾಣಪತ್ರ ಸಿಗುವುದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ, ಎಸ್ಟೇಟುಗಳಿಗಲ್ಲ. ಚಹಾ, ಬಾಳೆ, ಹೂವಿನಲ್ಲಾದರೆ ಕೂಲಿ ಕಾರ್ಮಿಕರಿರುವ ತೋಟಗಳಿಗೂ ಬೇರೆ ಮಾನದಂಡದಡಿ ಸಿಗುತ್ತದೆ. ದೊಡ್ಡ ತೋಟದ ಕೂಲಿಯವರನ್ನು ಈ ಮುದ್ರೆ ಮುಟ್ಟುವುದಿಲ್ಲ ಎಂದು ನೇರವಾಗಿ ಹೇಳಿ. ಮಕ್ಕಳು ಹೇಗೂ ಅದನ್ನೇ ಕೇಳುತ್ತಾರೆ.

ಕೈಕೆಲಸಕ್ಕೆ ಲೋಟದ ಲೆಕ್ಕ ಮಾಡಿಸಿ. 100 ಗ್ರಾಂ ಹಸಿರು ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ನೀವೇ 12–15 ನಿಮಿಷ ಹುರಿಯಿರಿ, ಬಯಲಿನಲ್ಲಿ, ಹೊಗೆ ಜಾಸ್ತಿ. ಆರಿದ ಮೇಲೆ ತೂಗಿದರೆ 83–85 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಬೇಕು, ತರಕಾರಿ ತಕ್ಕಡಿ ಈ ವ್ಯತ್ಯಾಸ ಹಿಡಿಯದು. ಒಂದು ಲೋಟ ಫಿಲ್ಟರ್ ಕಾಫಿಗೆ 10 ಗ್ರಾಂ ಪುಡಿ, ಅದರಲ್ಲಿ 30 ಭಾಗ ಚಿಕೋರಿಯಿದ್ದರೆ ಕಾಫಿ 7 ಗ್ರಾಂ. ಹಸಿರು ಬೀಜ ಸುಮಾರು 8.4 ಗ್ರಾಂ. ಐದು ಕಿಲೊ ಹಣ್ಣಿಗೆ ಒಂದು ಕಿಲೊ ಬೀಜವೆಂದು ಹಿಡಿದರೆ 42 ಗ್ರಾಂ ಹಣ್ಣು. ಅಷ್ಟನ್ನು ತೂಗಿ ಮೇಜಿನ ಮೇಲಿಡಿ. 50 ಕಿಲೊದ ಚೆರಿ (ಒಣಗಿಸಿದ ಹಣ್ಣು) ಮೂಟೆ 7,800 ರೂ., ಔಟ್‌ಟರ್ನ್ (ಮೂಟೆಗೆ ಸಿಗುವ ಬೀಜ) 26 ಕಿಲೊ ಎಂದು ಲೆಕ್ಕಕ್ಕಿಟ್ಟುಕೊಂಡರೆ ಬೀಜ ಕಿಲೊಗೆ 300. ಲೋಟದಲ್ಲಿರುವ ಕಾಫಿಗೆ ಎರಡೂವರೆ ರೂಪಾಯಿ. ಅದೇ ಲೋಟದ 80 ಮಿ.ಲೀ. ಹಾಲಿಗೆ, ಲೀಟರಿಗೆ 45ರಂತೆ, 3 ರೂ. 60 ಪೈಸೆ! ನಿಜವಾದ ದರವನ್ನು ಆ ವಾರದ ಪತ್ರಿಕೆಯಿಂದ ತೆಗೆದು ತಿದ್ದಿಕೊಳ್ಳಲಿ.

ಹೋಟೆಲಿನ 15 ರೂಪಾಯಿಯಲ್ಲಿ ಎರಡೂವರೆ ಎಂದರೆ ಆರರಲ್ಲೊಂದು ಪಾಲು. ಇದು ಅನ್ಯಾಯವೇ? ಪಾಲು ನೋಡಿದ ಮಾತ್ರಕ್ಕೆ ಉತ್ತರ ಸಿಗದು. ಹಾಲು, ಗ್ಯಾಸ್, ಸಂಬಳ, ಬಾಡಿಗೆ ಎಲ್ಲ ಅದರೊಳಗಿವೆ. ಕಿಲೊ ಬೆಳೆಯಲು ತಗುಲಿದ ಖರ್ಚು ವಾಪಸು ಬಂತೇ, ಬಾರದ ವರ್ಷ ನಷ್ಟ ಯಾರು ಹೊತ್ತರು ಎಂಬುದನ್ನು ಕೇಳಬೇಕು. ಬೆಳೆಗಾರರ ಪಾಲು ಶೇಕಡ ಇಷ್ಟೇ ಎಂದು ಭಿತ್ತಿಪತ್ರ ಬರೆಸುವ ಉತ್ಸಾಹವನ್ನು ಸ್ವಲ್ಪ ತಡೆಯಿರಿ.

ಪ್ರಶ್ನೆ: ಚಾಕೊಲೇಟಿನ ಉದಾಹರಣೆ ಎಲ್ಲ ಕಡೆ ಆಫ್ರಿಕಾದ್ದೇ. ನಮ್ಮ ತೋಟದಲ್ಲೇ ಕೊಕ್ಕೊ ಇದೆ. ಅದನ್ನಿಟ್ಟು ಕಲಿಸಬಹುದಲ್ಲವೇ?
(ಶಿಕ್ಷಕಿ, ಪುತ್ತೂರು)

ಉತ್ತರ: ಖಂಡಿತ. ನಿಮ್ಮೂರಿನ ಕತೆಯೇ ಪಾಠ. ಅಡಿಕೆ ತೋಟಗಳ ನಡುವೆ ಕೊಕ್ಕೊ ಬೆಳೆಸಿದ ಮೇಲೆ, ಕೊಳ್ಳುತ್ತಿದ್ದ ಕಂಪನಿ 1980ರ ಹೊತ್ತಿಗೆ ಹಿಂದೆ ಸರಿದು ಬೆಲೆ ಕುಸಿಯಿತು. ಅಡಿಕೆಗಾಗಿ 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಗ ಕೊಕ್ಕೊ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಒಬ್ಬರೇ ಖರೀದಿದಾರರಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಆಫ್ರಿಕಾದವರೆಗೆ ಹೋಗಬೇಕಿಲ್ಲ.

ಕೈಕೆಲಸಕ್ಕೆ ಒಂದು ಕಾಯಿ ಒಡೆದು ಬೀಜ ಎಣಿಸಿ, ಸಾಮಾನ್ಯವಾಗಿ 30–40 ಇರುತ್ತವೆ. ಹಸಿ ಬೀಜ ತೂಗಿಡಿ. ಹುದುಗಿಸಿ ಒಣಗಿಸಿದ ಮೇಲೆ ಮೂರನೇ ಒಂದರಷ್ಟು ಉಳಿಯುತ್ತದೆ. ಹುದುಗಿಸುವುದರಲ್ಲೇ ಶಾಲೆಗಳು ಎಡವುವುದು: ಎರಡು ಕಿಲೊ ಬೀಜವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟರೆ ಕಾವೇರುವುದಿಲ್ಲ, ರಸ ಬಸಿಯುವುದಿಲ್ಲ, ಬೂಸ್ಟು ಹಿಡಿಯುತ್ತದೆ. ರಾಶಿಯೊಳಗೆ 45–50 ಡಿಗ್ರಿ ಬಿಸಿ ಏರಬೇಕು. ಬಿದಿರ ಬುಟ್ಟಿಗೆ ಬಾಳೆಲೆ ಹಾಸಿ, ತಳದಲ್ಲಿ ರಸ ಇಳಿಯಲು ಸಂದು ಬಿಟ್ಟು, ಬೀಜ ಒತ್ತಿ ತುಂಬಿ, ಮೇಲೆ ಭಾರವಿಟ್ಟು ಗೋಣಿ ಹೊದಿಸಿ. ನಡುನಡುವೆ ಮಗುಚಿ, ಆರು ದಿನ ಬಿಡಿ. ಬೀಜ ಸಾಲದಿದ್ದರೆ ನಾಲ್ಕು ಮನೆಗಳದು ಕೂಡಿಸಿ. ಒಬ್ಬರ ಮಾಲಿಗೆ ಕಾವು ಬರುವುದಿಲ್ಲ ಎನ್ನುವಾಗ ಸಂಘ ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕೇ?

ಆಮೇಲೆ ಬೇಕಾದರೆ ಆಫ್ರಿಕಾ. ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶಗಳು ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆದಿವೆ. ಅಲ್ಲಿ ರೈತರಿಗೆ ಸಿಗುವ ದರವನ್ನು ಹಂಗಾಮಿನ ಆರಂಭದಲ್ಲಿ ಸರ್ಕಾರ ಗೊತ್ತುಪಡಿಸುತ್ತದೆ. 2020–21ರಿಂದ ಟನ್ನಿಗೆ 400 ಡಾಲರ್ ಹೆಚ್ಚುವರಿ ಕೇಳಲು ಎರಡೂ ದೇಶಗಳು ಕೈಜೋಡಿಸಿದವು. 2024ರಲ್ಲಿ ಪೇಟೆ ದರ ಟನ್ನಿಗೆ 10,000 ಡಾಲರ್ ದಾಟಿದಾಗ ಮೊದಲೇ ದರ ಗೊತ್ತಾಗಿದ್ದ ರೈತರಿಗೆ ಆ ಏರಿಕೆ ತಕ್ಷಣ ಮುಟ್ಟಲಿಲ್ಲ. ನಿಗದಿ ಬೆಲೆ ಎರಡು ಅಲಗಿನ ಕತ್ತಿ, ಚರ್ಚೆಗೆ ಇಡಬೇಕಾದ್ದು ಇದನ್ನೇ. ಬಾಲಕಾರ್ಮಿಕರ ಪಾತ್ರ ಕೊಟ್ಟು ಮಕ್ಕಳನ್ನು ಹೊಡೆಸಿಕೊಳ್ಳುವಂತೆ ನಟಿಸಲು ಬಿಡುವ ನಾಟಕಗಳು ಬೇಡ. ನಗು ಬರುತ್ತದೆ, ಅಷ್ಟೆ.

ಪ್ರಶ್ನೆ: ಐದನೇ ತರಗತಿಯ ಚಿಕ್ಕ ಮಕ್ಕಳಿಗೆ ಈ ಡಾಲರು, ಪೌಂಡು ಅರ್ಥವಾಗದು. ಅವರಿಗೇನು?
(ಪೋಷಕರು, ಧಾರವಾಡ)

ಉತ್ತರ: ಫುಟ್ಬಾಲ್. ಕೈಹೊಲಿಗೆಯ ಸಾಂಪ್ರದಾಯಿಕ ಚೆಂಡಿನಲ್ಲಿ 32 ತುಂಡು: 20 ಷಟ್ಕೋನ, 12 ಪಂಚಕೋನ. ತುಂಡುಗಳು ಕೂಡುವ ಅಂಚು 90. ಹಳೆ ರೆಕ್ಸಿನ್ ಅಥವಾ ದಪ್ಪ ಬಟ್ಟೆಯಲ್ಲಿ 5 ಸೆಂ.ಮೀ. ಬದಿಯ ಎರಡು ಷಟ್ಕೋನ ಕತ್ತರಿಸಿ, ಅಂಚಿನಲ್ಲಿ ನೀವೇ ತೂತು ಹೊಡೆದು, ಮೊಂಡು ಸೂಜಿಯಿಂದ ಒಂದು ಅಂಚು ಹೊಲಿಯಲು ಹೇಳಿ. ಗಡಿಯಾರ ನೋಡಿ. ಮೂರು ನಿಮಿಷ ಹಿಡಿದರೆ 90 ಅಂಚಿಗೆ 270 ನಿಮಿಷ, ನಾಲ್ಕೂವರೆ ಗಂಟೆ! ಪಳಗಿದವರು ಇದಕ್ಕಿಂತ ಬೇಗ ಮುಗಿಸುತ್ತಾರೆ. ಪಂಜಾಬಿನ ಜಲಂಧರ್, ಗಡಿಯಾಚೆಯ ಸಿಯಾಲ್ಕೋಟ್ ಈ ಕಸುಬಿನ ಊರುಗಳು. ಚೆಂಡಿಗೆ ಇಷ್ಟು ಎಂದು ಕೂಲಿ. ಸಿಯಾಲ್ಕೋಟಿನಲ್ಲಿ ಮಕ್ಕಳನ್ನು ಈ ಕೆಲಸದಿಂದ ಬಿಡಿಸಲು 1997ರಲ್ಲಿ ಒಪ್ಪಂದವೇ ಆಯಿತು. ಹೊಲಿದಾದ ಮೇಲೆ ಹೊರಗೆ ಆಡಲು ಬಿಡಿ.

ಪ್ರಶ್ನೆ: ಬೆಂಗಳೂರಿನ ಸೂಪರ್‌ಮಾರ್ಕೆಟ್‌ನಲ್ಲಿ ಪೊಟ್ಟಣಗಳ ಮೇಲೆ ಹತ್ತಾರು ಮುದ್ರೆಗಳು. ಯಾವುದು ನ್ಯಾಯದ ಬೆಲೆಯದು ಎಂದು ಮಕ್ಕಳಿಗೆ ಗುರುತಿಸಲು ಕಲಿಸುವುದು ಹೇಗೆ?
(ಗೃಹಿಣಿ, ಬೆಂಗಳೂರು)

ಉತ್ತರ: ಖಾಲಿ ಪೊಟ್ಟಣ ಹನ್ನೆರಡು ಕೂಡಿಸಿ. ಮಕ್ಕಳು ನಾಲ್ಕು ರಾಶಿ ಮಾಡಲಿ: ಬೆಲೆ, ಬೇಸಾಯ, ಊರು, ಶುದ್ಧತೆ. ಸಾವಯವ ಮಾಲಿನ ಜೈವಿಕ್ ಭಾರತ್ ಮುದ್ರೆ ಬೇಸಾಯದ ರಾಶಿಗೆ, ಅದು ರೈತರಿಗೆ ಎಷ್ಟು ಕೊಟ್ಟರು ಎಂದು ಹೇಳದು. ಭೌಗೋಳಿಕ ಸೂಚಕ ಊರಿನ ರಾಶಿಗೆ. ಚನ್ನಪಟ್ಟಣದ ಗೊಂಬೆ ಎಂದರೆ ಅಲ್ಲಿಯದೇ ಎಂಬ ಖಾತರಿ, ಅರಗು ಹಚ್ಚಿದವರ ಕೂಲಿಯ ಖಾತರಿಯಲ್ಲ. ಅಗ್‌ಮಾರ್ಕ್, ಸಿಲ್ಕ್ ಮಾರ್ಕ್ ಶುದ್ಧತೆಗೆ. ಕಪ್ಪೆಯ ಚಿತ್ರದ ರೇನ್‌ಫಾರೆಸ್ಟ್ ಅಲಯನ್ಸ್ ಮುದ್ರೆಯಲ್ಲಿ ಕಾಡು, ಕಾರ್ಮಿಕರ ಸ್ಥಿತಿ ಎರಡೂ ಇವೆ, ಆದರೆ ಫೇರ್‌ಟ್ರೇಡಿನಂತೆ ಗೊತ್ತುಪಡಿಸಿದ ಕನಿಷ್ಠ ಬೆಲೆಯಿಲ್ಲ. ಎಲ್ಲಿ ಹಾಕಬೇಕೆಂದು ಮಕ್ಕಳು ಜಗಳವಾಡಲಿ.

ಬೆಲೆಯ ರಾಶಿಗೆ ಬರುವುದು ಕಪ್ಪು ಹಿನ್ನೆಲೆಯಲ್ಲಿ ನೀಲಿ–ಹಸಿರು ಇರುವ ಫೇರ್‌ಟ್ರೇಡ್ ಮುದ್ರೆ. ಅದರ ಪಕ್ಕ ಬಾಣದ ಗುರುತಿದ್ದರೆ ಪೊಟ್ಟಣದ ಹಿಂಬದಿ ಓದಬೇಕು: ಎಲ್ಲ ಪದಾರ್ಥವೂ ಆ ಕರಾರಿನದಲ್ಲದಿರಬಹುದು, ಅಥವಾ ಕಾರ್ಖಾನೆಯಲ್ಲಿ ಬೇರೆ ಮಾಲಿನೊಂದಿಗೆ ಬೆರೆತು ತೂಕದ ಲೆಕ್ಕದಲ್ಲಿ ಮಾತ್ರ ಸರಿಹೊಂದಿರಬಹುದು. ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆಯ ಮುದ್ರೆ ಬೇರೆಯೇ. ಅದು ಒಂದು ಸರಕನ್ನಲ್ಲ, ಇಡೀ ಸಂಸ್ಥೆಯನ್ನು ಹತ್ತು ತತ್ತ್ವಗಳ ಮೇಲೆ ಪರೀಕ್ಷಿಸಿ ಕೊಡುವುದು, ಕರಕುಶಲ ವಸ್ತುಗಳಲ್ಲಿ ಹೆಚ್ಚು ಕಾಣುತ್ತದೆ. ಹನ್ನೆರಡರಲ್ಲಿ ಬೆಲೆಯ ರಾಶಿ ಖಾಲಿಯೇ ಉಳಿಯಬಹುದು. ನಮ್ಮ ಅಂಗಡಿಗಳಲ್ಲಿ ಈ ಮುದ್ರೆ ವಿರಳ, ಪ್ರಮಾಣಪತ್ರವಿರುವ ಭಾರತದ ಮಾಲು ಬಹಳಷ್ಟು ಹೊರದೇಶಕ್ಕೆ ಹೋಗುತ್ತದೆ. ಮುದ್ರೆಯಿಲ್ಲದ ಸಹಕಾರ ಸಂಘದ ಹಾಲನ್ನು ಎಲ್ಲಿಡುವುದೆಂದು ಆಗ ಕೇಳಿ ನೋಡಿ.

ಪ್ರಶ್ನೆ: ವಿಶ್ವ ಫೇರ್ ಟ್ರೇಡ್ ದಿನ ಮೇ ತಿಂಗಳ ಎರಡನೇ ಶನಿವಾರ. ನಮಗದು ಬೇಸಿಗೆ ರಜೆ. ಯಾವಾಗ ಆಚರಿಸಲಿ?
(ಶಿಕ್ಷಕರು, ಕೊಡಗು)

ಉತ್ತರ: ಆ ತಾರೀಕಿಗೆ ಅಂಟಿಕೊಳ್ಳಬೇಡಿ. ನಿಮ್ಮಲ್ಲಿ ಅರೇಬಿಕಾ ಕೊಯ್ಲು ನಡೆಯುವ ಡಿಸೆಂಬರ್ ಒಳ್ಳೆಯದು: ಹಣ್ಣು ಕೈಗೆ ಸಿಗುತ್ತದೆ, ಕಣದಲ್ಲಿ ಒಣಗುವುದು ಕಣ್ಣಿಗೆ ಕಾಣುತ್ತದೆ, ಮನೆಯಲ್ಲಿ ರೇಟಿನ ಮಾತೇ ನಡೆಯುತ್ತಿರುತ್ತದೆ. ಪುತ್ತೂರಿನವರಿಗೆ ನವೆಂಬರ್ ಆದೀತು. ಪೇಪರ್ ಕವರ್ ಆಟವನ್ನು ಮಾತ್ರ ಕೊಡಗಿನ ಜುಲೈ, ಆಗಸ್ಟಿನಲ್ಲಿ ಇಟ್ಟುಕೊಳ್ಳಬೇಡಿ. ಸಂಜೆಯಾದರೂ ಅಂಟು ಒಣಗದು.